ಅಜ್ಜಿ ಕುಡಿದ ಸೂಪು

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಕಿ ಹುಳಿಯಾಗಿಸಿದ ಸೌತೆಕಾಯಿಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನಾನು ಹತ್ತು ವರ್ಷದವಳಾಗಿ ಲಾಸ್ ಆಲ್ಟೋಸಿನ ಆ ಡೆಲಿ ಹೋಟೆಲಿನೊಳಗೆ, ಅಜ್ಜಿಯ ಪಕ್ಕದಲ್ಲಿ ಕೂತಿರುತ್ತೇನೆ. ತೀರಿಹೋದವರು ನಿಮಗೂ ಹೀಗೆ ಯಾವುದಾದರೊಂದು ವಾಸನೆಯೊಳಗಿಂದ ಎದ್ದು ಬರುತ್ತಿರಬಹುದು. ಅಪ್ಪನ ತಾಯಿಯಾದ ಅಜ್ಜಿ ಉಡುಪಿಯಿಂದ ಕಡಲಾಚೆಯ ಎವರ್‌ಗ್ರೀನಿನ ನಮ್ಮ ಮನೆಗೆ ಬಂದು ಆಗ ಮೂರು ವಾರವಾಗಿತ್ತು. ಅಜ್ಜ ಹೋದಮೇಲೆ ಅವರಿಗೆ ಊಟವೇ ಸೇರುತ್ತಿರಲಿಲ್ಲ. ಅಮ್ಮ ಏನು ಬಡಿಸಿದರೂ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು. ಅದಕ್ಕಾಗಿ ಅಪ್ಪ ಅಮ್ಮನಿಗೆ ದಿನವೂ ಜಗಳ. ಆ ಶನಿವಾರ ಅಜ್ಜಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ಹೊರಬಂದಾಗ ಮಧ್ಯಾಹ್ನ ಎರಡು ಗಂಟೆ. ಅಪ್ಪ ಎದುರಿಗೆ ಸಿಕ್ಕ ಡೆಲಿಗೆ ನಮ್ಮನ್ನು ಕರೆದೊಯ್ದರು.

ಅಪ್ಪ ಅಮ್ಮ ಕೌಂಟರಿನ ಸಾಲಿನಲ್ಲಿ ನಿಂತು ಅಲ್ಲೂ ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು. ಪಕ್ಕದ ಟೇಬಲಿನಲ್ಲಿ ಹಬೆಯಾಡುತ್ತಿದ್ದ ಸೂಪಿನಲ್ಲಿ ದೊಡ್ಡ ಹಿಟ್ಟಿನ ಉಂಡೆಯೊಂದು ತೇಲುತ್ತಿತ್ತು. "ಅದು ಎಂತ ಮಗಾ? ಸಾರಿನಲ್ಲಿ ಕಡುಬು ಹಾಕಿದ ಹಾಗೆ ಉಂಟಲ್ಲ? ನನಗೊಂದು ಹೇಳು" ಎಂದರು ಅಜ್ಜಿ. ಬಂದಾಗಿನಿಂದ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ವೇಟ್ರೆಸ್ಸನ್ನು ವಿಚಾರಿಸಿದೆ. ಕೋಳಿ ಬೇಯಿಸಿದ ನೀರಿನಲ್ಲೇ ಮಾಡಿದ್ದು ಎಂದಳು. "ಮಾಂಸ ಗೀಂಸ ಇಲ್ಲ ಅಲ್ವಾ?" ಎಂದು ಅಜ್ಜಿ ಕೇಳಿದಾಗ ನಾನು, "ಇಲ್ಲ ಅಜ್ಜಿ" ಎಂದುಬಿಟ್ಟು, ಒಂದು ಬಟ್ಟಲು ತರಲು ಹೇಳಿದೆ.

ಅಪ್ಪ ಟ್ರೇ ಹಿಡಿದು ಬರುವಷ್ಟರಲ್ಲಿ ಬಟ್ಟಲು ಅರ್ಧವಾಗಿತ್ತು. ಅಪ್ಪನ ಮುಖ ಬಿಳಿಚಿಕೊಂಡಿತು. ಅಜ್ಜಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ, ನಿನಗೆ ಗೊತ್ತಿತ್ತಾ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅಮ್ಮ ಅಪ್ಪನ ತೋಳು ಹಿಡಿದು, "ಈಗ ಹೇಳ್ಬೇಡಿ, ಪ್ಲೀಸ್. ಇವತ್ತಾದ್ರೂ ತಿಂತಾ ಇದಾರೆ" ಎಂದು ಪಿಸುಗುಟ್ಟಿದರು. ಅಜ್ಜಿಯ ಚಮಚ ಗಾಳಿಯಲ್ಲೇ ನಿಂತಿತು. "ಎಂತ ಆಯ್ತು?" ಅಪ್ಪ ಟ್ರೇ ಕೆಳಗಿಟ್ಟರು. ನನಗೆ ತಡೆಯಲಾಗಲಿಲ್ಲ. "ಅದ್ರಲ್ಲಿ ಕೋಳಿ ಇದೆ ಅಜ್ಜಿ. ನಾನು ಸುಳ್ಳು ಹೇಳ್ದೆ."

ಒಂದು ದಿನವೂ ನನ್ನನ್ನು ಹೊಡೆಯದ ಅಪ್ಪ ಕೈಯೆತ್ತಿದರು. ಅಜ್ಜಿ ಆ ಕೈಯನ್ನು ಹಿಡಿದರು. "ಅವಳ ಮೇಲೆ ಕೈ ಮಾಡ್ಬೇಡ. ತಿಂದದ್ದು ನಾನು. ದೇವರಿಗೆ ನಾನು ಹೇಳಿಕೊಳ್ತೇನೆ." ಆಮೇಲೆ ನನ್ನತ್ತ ತಿರುಗಿದರು. "ಯಾಕೆ ಮಗಾ?"

"ನೀವು ಏನೂ ತಿಂತಿರ್ಲಿಲ್ವಲ್ಲ."

ಅಜ್ಜಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಅಮ್ಮನ ಜೊತೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಭಾನುವಾರವಿಡೀ ಅಜ್ಜಿ ಉಪವಾಸವಿದ್ದರು. ನಾನೂ ಹಟ ಹಿಡಿದು ಏನನ್ನೂ ಮುಟ್ಟಲಿಲ್ಲ. ಅವರು ಊರಿಗೆ ಹೊರಟುಬಿಡುತ್ತಾರೆಂಬ ಭಯ ನನಗೆ. ಸೋಮವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಅಡುಗೆಮನೆಗೆ ಬಂದ ಅಜ್ಜಿ, ಅಮ್ಮನಿಗೆ, "ಸ್ವಲ್ಪ ಗಂಜಿ ಮಾಡು ಮಾರಾಯ್ತಿ, ಇಬ್ಬರಿಗೂ" ಎಂದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಇನ್ನು ನನಗೋಸ್ಕರ ಸುಳ್ಳು ಹೇಳ್ಬೇಡ. ನಾನು ಊಟ ಮಾಡ್ತೇನೆ" ಎಂದರು. ಬಡಿಸಿದಷ್ಟನ್ನೂ ಉಂಡರು. ಅಮ್ಮ ಸಿಂಕಿನ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ನಮ್ಮಲ್ಲಿದ್ದ ಅಷ್ಟೂ ತಿಂಗಳು ಅಜ್ಜಿ ಆ ಮಾತು ಉಳಿಸಿಕೊಂಡರು. ಈಗ ಅವರಿಲ್ಲ, ಅಪ್ಪನೂ ಇಲ್ಲ. ಎವರ್‌ಗ್ರೀನಿನ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಮೊನ್ನೆ ಸಂಜೆ ಆ ಬೀದಿಯಲ್ಲಿ ಕಾರು ನಿಲ್ಲಿಸಿದ್ದೆ. ಆ ಮನೆಯ ತೆರೆದ ಕಿಟಕಿಯಿಂದ ಒಂದು ಹೆಣ್ಣುದನಿ ಅಂಗಳದಲ್ಲಿದ್ದ ಮಗುವನ್ನು ಊಟಕ್ಕೆ ಕರೆಯಿತು. ಆ ಮಗು ಓಡಿ ಒಳಗೆ ಹೋಗುವವರೆಗೂ ಅಲ್ಲೇ ಇದ್ದೆ.