ಆರುನೂರ ನಲವತ್ತೊಂದನೇ ಕಂಬದ ಚಾಸಿಬ್

ಬೆಳಗಿನ ನಮಾಜು ಈಗಷ್ಟೇ ಮುಗಿದಿದೆ, ಚಹದ ಹಂಡೆ ಇನ್ನೂ ಕುದಿ ಬಂದಿಲ್ಲ. ಚಾಸಿಬ್ ಆಗಲೇ ಸೊಳ್ಳೆಪರದೆಯೊಳಗೆ ಕೂತುಬಿಟ್ಟಿದ್ದಾನೆ. ಸೊಳ್ಳೆಗೆ ಹೆದರಿ ಅಲ್ಲ, ಧೂಳಿಗೆ ಹೆದರಿ. ಇಮಾಮ್ ಹುಸೇನರ ಬಲಿದಾನದ ನಲವತ್ತನೇ ದಿನದ ಸ್ಮರಣೆಗೆಂದು ಇರಾಕಿನ ನಜಫ್‌ನಿಂದ ಕರ್ಬಲಾಕ್ಕೆ ಲಕ್ಷಗಟ್ಟಲೆ ಜನ ನಡೆಯುವ ದಾರಿ ಇದು. ಅಷ್ಟು ಕಾಲುಗಳು ಎಬ್ಬಿಸಿದ ಧೂಳಿನಲ್ಲಿ ಒಂದೇ ಕಣ ಫೋನಿನ ಹೊಸ ಗಾಜಿನಡಿ ಸೇರಿದರೂ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬಿಸಿ ತಟ್ಟೆಯ ಮೇಲೆ ಫೋನಿಟ್ಟು, ಅಂಟು ಮೆತ್ತಗಾದ ಮೇಲೆ, ಕೂದಲಿನಷ್ಟು ಸಣ್ಣ ತಂತಿಯನ್ನು ಗಾಜಿನ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು ಎಳೆಯುತ್ತಾನೆ. ಒಡೆದ ಗಾಜು ಎದ್ದು ಬರುತ್ತದೆ.

ಪರದೆಯಾಚೆ ಅಮಾರಾ ಊರಿನ ಮುದುಕಿ ಬದ್ರಿಯಾ ಕಾಯುತ್ತ ಕೂತಿದ್ದಾಳೆ. "ಏನೋ ಮಗನೇ, ಮುಸುಕು ಹಾಕ್ಕೊಂಡು ಮದುಮಗಳ ಹಾಗೆ ಕೂತಿದೀಯಲ್ಲೋ!"

"ಮದುಮಗಳಿಗೆ ಇಷ್ಟು ದೊಡ್ಡ ಮೀಸೆ ಇರುತ್ತೇನಮ್ಮ? ಅದಿರಲಿ, ಫೋನು ಹೇಗೆ ಒಡೀತು?"

"ಊಟ ಮಾಡಿಸೋಕೆ ಹೋಗಿ ಒಡೆದ್ರಪ್ಪ! ಈ ಡೇರೆಯವನು 'ನಮ್ಮಲ್ಲಿ ಉಣ್ಣಮ್ಮ' ಅಂತ ಈ ತೋಳು ಹಿಡಿದ, ಎದುರು ಡೇರೆಯವನು ಆ ತೋಳು ಹಿಡಿದ. ಎಳೆದಾಡೋ ರಭಸಕ್ಕೆ ಫೋನು ನೆಲ ಕಂಡಿತು."

ಚಾಸಿಬ್ ನಗುತ್ತಾನೆ. ದಾರಿಯುದ್ದಕ್ಕೂ ಯಾತ್ರಿಕರಿಗೆ ಬಿಟ್ಟಿ ಊಟ ಹಾಕುವ ಡೇರೆಗಳು; ಅವುಗಳ ಉಪಚಾರದ ಎಳೆದಾಟದಲ್ಲಿ ಒಡೆದ ಫೋನುಗಳು ದಿನಕ್ಕೆ ನಾಲ್ಕೈದಾದರೂ ಅವನ ಮುಂದೆ ಬರುತ್ತವೆ. ಎಷ್ಟಾಯ್ತು ಎಂದು ಬದ್ರಿಯಾ ಮುಸುಕಿನ ತುದಿಯ ಗಂಟಿಗೆ ಕೈ ಹಾಕಿದರೆ ಗದರಿಕೊಳ್ಳುತ್ತಾನೆ. "ದುಡ್ಡಿನ ಮಾತೆತ್ತಿದ್ರೆ ಹಳೇ ಗಾಜನ್ನೇ ಮತ್ತೆ ಅಂಟಿಸಿಬಿಡ್ತೀನಿ ನೋಡಮ್ಮ!"

ಚಾಸಿಬ್‌ಗೆ ನಲವತ್ತಾರು ವರ್ಷ. ನಾಸಿರಿಯಾದಲ್ಲಿ ಮಂಚದಗಲದ ಅಂಗಡಿ. ವರ್ಷವಿಡೀ ಒಂದೊಂದೇ ಗಾಜು ಎತ್ತಿಟ್ಟು, ಈ ಹನ್ನೆರಡು ದಿನಕ್ಕೆ ಪೆಟ್ಟಿಗೆ ಹೊತ್ತು ಬರುತ್ತಾನೆ. ದಿನಕ್ಕೆ ಮೂವತ್ತೈದು ನಲವತ್ತು ಫೋನು, ಬಿಟ್ಟಿ ಸೇವೆ. ಹೀಗೇ ಹನ್ನೊಂದು ವರ್ಷವಾಯಿತು. ಇಷ್ಟಾದರೂ ಈ ದಾರಿಯಲ್ಲಿ ತಾನು ಕೂರುವ ಆರುನೂರ ನಲವತ್ತೊಂದನೇ ದೀಪದ ಕಂಬದಿಂದ ಮುಂದೆ ಅವನು ಕಾಲಿಟ್ಟವನಲ್ಲ.

ಯಾಕೆಂದು ಬದ್ರಿಯಾ ಕೇಳುತ್ತಾಳೆ. "ಸೇವೆಗೆ ಬಂದವನಿಗೆ ಸ್ವಂತ ಕಾಲಿಲ್ಲಮ್ಮ. ಯಾತ್ರಿಕರು ಕೂರು ಅಂದ್ರೆ ಕೂರಬೇಕು, ಬಾ ಅಂದ್ರೆ ಹೋಗಬೇಕು. ಎಲ್ಲರೂ ಕೂರು ಅಂತಾನೇ ಹೇಳಿದ್ರು."

ಆಮೇಲೆ ಕೇಳದೆಯೇ ತಾಯಿ ಖೈರಿಯಾಳ ಮಾತು ತೆಗೆಯುತ್ತಾನೆ. ಈ ದಾರಿಯಲ್ಲಿ ಭೇಟಿಯ ಗುರುತೆಂದರೆ ದೀಪದ ಕಂಬದ ನಂಬರು. ಪ್ರತಿ ವರ್ಷ ತಾಯಿ ಇಲ್ಲಿ ಒಂದು ರಾತ್ರಿ ತಂಗಿ, "ಎಂಟುನೂರನೇ ಕಂಬದ ಹತ್ರ ಕಾಯ್ತೀನಿ, ಒಟ್ಟಿಗೆ ಚಹ ಕುಡಿಯೋಣ" ಎಂದು ಮುಂದೆ ಹೊರಡುತ್ತಿದ್ದಳು. ಇಲ್ಲಿಂದ ಎಂಟೇ ಕಿಲೋಮೀಟರು. "ನೀ ನಡೀತಿರು ಅಮ್ಮ, ನಾಲ್ಕು ಫೋನು ಮುಗಿಸಿ ಬಂದೆ" ಎನ್ನುತ್ತಿದ್ದ. ನಾಲ್ಕು ಮುಗಿಯುವಷ್ಟರಲ್ಲಿ ಹದಿನಾಲ್ಕು ಬಂದಿರುತ್ತಿದ್ದವು. ಹೋದ ವರ್ಷ ಸೂರ್ಯ ಮುಳುಗುವವರೆಗೂ ಕಾದು ಒಬ್ಬಳೇ ಮುಂದೆ ನಡೆದಳು. ಚಳಿಗಾಲದಲ್ಲಿ ತೀರಿಕೊಂಡಳು.

"ಒಂದು ದಿನಾನೂ ಬೈಲಿಲ್ಲ" ಎಂದು ಚಾಸಿಬ್ ತಲೆ ತಗ್ಗಿಸಿ ಗಾಜು ಒರೆಸುತ್ತಾನೆ. "ಅವಳು ಕೂತ ಜಾಗದಲ್ಲಿ ಕೂತು ಒಂದು ಗ್ಲಾಸ್ ಚಹ ಕುಡಿಬೇಕು. ಅಷ್ಟೇ ನನ್ನ ಆಸೆ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷವಂತೆ!" ಎಂದು ಡೇರೆಯ ಅಡುಗೆಯವ ಅಬೂ ರಸೂಲ್ ಸೌಟು ಕುಟ್ಟುತ್ತಾನೆ. "ಹತ್ತು ವರ್ಷದಿಂದ ಇದೇ ರಾಗ."

ಬದ್ರಿಯಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಅಂಟು ಬಿಟ್ಟರೆ ಫೋನ್ ಮಾಡಿ ಎಂದು ಚಾಸಿಬ್ ಕೊಟ್ಟ ನಂಬರನ್ನು ಜೋಪಾನವಾಗಿಟ್ಟುಕೊಂಡು ಕೋಲೂರುತ್ತ ಹೊರಡುತ್ತಾಳೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಾಸಿಬ್‌ನ ಫೋನು ಬಡಿದುಕೊಳ್ಳುತ್ತದೆ. ತೆರೆಯ ಮೇಲೆ ಬದ್ರಿಯಾಳ ಬೆವೆತ ಮುಖ.

"ಏನಾಯ್ತಮ್ಮ, ಅಂಟು ಬಿಟ್ಟಿತಾ?"

"ಅಂಟಿಗೇನಾಗಿದೆ? ಇಲ್ಲಿ ನೋಡು." ಫೋನು ಮೇಲೆ ತಿರುಗುತ್ತದೆ. ಕಂಬದ ಮೇಲೆ ಎಂಟುನೂರು ಎಂಬ ಅಂಕಿ. ಕೆಳಗೆ ಚಾಪೆ, ಚಾಪೆಯ ಮೇಲೆ ಎರಡು ಗ್ಲಾಸು ಚಹ. "ಯಾತ್ರಿಕರು ಬಾ ಅಂದ್ರೆ ಹೋಗಬೇಕು ಅಂದೆಯಲ್ಲ? ನಾನು ಯಾತ್ರಿಕಳು. ಬಾ ಅಂತಿದೀನಿ. ನೀನು ಬರೋವರೆಗೂ ಏಳಲ್ಲ."

ಚಾಸಿಬ್ ಮೇಜಿನ ಕಡೆ ನೋಡುತ್ತಾನೆ. "ಇನ್ನೂ ನಾಲ್ಕು ಫೋನು…"

"ಎದ್ದೇಳೋ ಮಾರಾಯ!" ಅಬೂ ರಸೂಲ್ ಸೊಳ್ಳೆಪರದೆಯನ್ನು ಎತ್ತಿ ಹಿಡಿಯುತ್ತಾನೆ. "ಫೋನಿನವರಿಗೆ ನಾನು ಊಟ ಹಾಕ್ತೀನಿ, ಕಾಯ್ತಾರೆ. ಮುದುಕೀನ ಕಾಯಿಸಬೇಡ."

ಚಾಸಿಬ್ ತಂತಿ ಸುತ್ತಿಟ್ಟು, ಕೈ ಒರೆಸಿಕೊಂಡು, ಚಪ್ಪಲಿ ಹುಡುಕುತ್ತಾನೆ. ಜನರ ನಡುವೆ ಸೇರಿ ಆರುನೂರ ನಲವತ್ತೆರಡನೇ ಕಂಬ ದಾಟುವಾಗ ಬದ್ರಿಯಾ ಇನ್ನೂ ಫೋನಿನ ತೆರೆಯ ಮೇಲೇ ಇದ್ದಾಳೆ.

"ಹೊರಟೆ ಅಮ್ಮ. ಬಂದೇಬಿಟ್ಟೆ."