ಉದುರದ ಹೂವು

ಮೊನ್ನೆ ಚನ್ನಗಿರಿಯಲ್ಲಿ ಸೇವಂತಿಗೆ ಕೊಳ್ಳಲು ಹೂವಿನಂಗಡಿ ಮುಂದೆ ನಿಂತಿದ್ದೆ. ಮಗಳಿಗೊಂದು ಸಂಬಂಧ ಬಂದಿತ್ತು. ದೇವರಲ್ಲಿ ಹೂವು ಕೇಳೋಣವೆಂದು ಹೊರಟಿದ್ದೆ. ನಗಬೇಡಿ, ಓದಿದವನೇ ನಾನು. ಆದರೆ ನಿರ್ಧಾರದ ಹೊಣೆ ನನ್ನ ತಲೆಗೆ ಬಾರದಂತೆ ನೋಡಿಕೊಳ್ಳುವುದರಲ್ಲಿ ಪಕ್ಕಾ ನಮ್ಮ ದೊಡ್ಡಮ್ಮನ ಕಡೆಯವನು. ಅಂಗಡಿಯವನು ಬೊಕೆಯ ಗುಲಾಬಿಗಳ ನಡುವೆ ನೇರಳೆ ಬಣ್ಣದ ಒಣಕಲು ಹೂವಿನ ಕಡ್ಡಿಗಳನ್ನು ಸಿಕ್ಕಿಸುತ್ತಿದ್ದ. ಮುಟ್ಟಿದೆ, ಕಾಗದದಂತೆ ಚರಚರ ಎಂದಿತು. ನಗು ತಡೆಯಲಾಗಲಿಲ್ಲ.

ಕಡಲ ತಡಿಯ ಉಪ್ಪು ಮಣ್ಣಿನಲ್ಲಿ ಬೆಳೆಯುವ ಜಾತಿಯಂತೆ ಅದು. ಒಣಗಿದರೂ ಬಣ್ಣ ಬಿಡದು, ಉದುರದು. ಹೂದಾನಿಗೂ ಮದುವೆ ಮಂಟಪಕ್ಕೂ ಹೇಳಿ ಮಾಡಿಸಿದ ಹೂವು. ಎಷ್ಟೋ ವರ್ಷಗಳ ಹಿಂದೆ ನ್ಯಾಮತಿಯ ದೊಡ್ಡಮ್ಮನ ಮನೆಗೆ ಅದು ಬಂದದ್ದು ಅವರ ಮಗಳು ಸುಮಕ್ಕನ ಕಾಲೇಜಿನ ಬೀಳ್ಕೊಡುಗೆಯ ಬೊಕೆಯಲ್ಲಿ. ಬಾಡದ ಹೂವೆಂದು ಕೇಳಿ ದೊಡ್ಡಮ್ಮ ಹಿಗ್ಗಿದರು. ಸಮುದ್ರ ಕಾಣದ ನಮ್ಮ ದೇವರಿಗೆ ಅಲ್ಲಿನ ಹೂವಾದರೂ ಸಿಗಲಿ ಎಂದರು.

ದೊಡ್ಡಮ್ಮ ಹೂವು ಕೇಳದೆ ಎಮ್ಮೆಯನ್ನೂ ಕೊಂಡವರಲ್ಲ. ದೇವರ ಮೇಲಿನ ಹೂವು ಬಲಕ್ಕೆ ಬಿದ್ದರೆ ಹ್ಞೂಂ, ಎಡಕ್ಕೆ ಬಿದ್ದರೆ ಉಹ್ಞೂಂ. ಜಗಳೂರಿನವರು ಹೆಣ್ಣು ನೋಡಲು ಬಂದ ದಿನ ದೇವರನ್ನು ಅಲಂಕರಿಸಿದವಳು ಸುಮಕ್ಕನೇ. ಬೊಕೆಯ ಆ ಕಡ್ಡಿಗಳನ್ನು ಬೆಳ್ಳಿಯ ಪ್ರಭಾವಳಿಗೆ ಭದ್ರವಾಗಿ ಸಿಕ್ಕಿಸಿ, ಏನೂ ಅರಿಯದವಳಂತೆ ಬಾಗಿಲ ಬಳಿ ನಿಂತಳು. ದೊಡ್ಡಮ್ಮ ಕೈ ಮುಗಿದು ಕೂತರು. ಹೂವು ಅಲ್ಲಾಡಲಿಲ್ಲ. ಪಡಸಾಲೆಯಲ್ಲಿ ಬೀಗರಾಗಬೇಕಾದವರು ಮಂಡಕ್ಕಿ ಮೆಣಸಿನಕಾಯಿ ಮುಗಿಸಿ, ಚಹಾ ಕುಡಿದು, ಮತ್ತೆ ಮಂಡಕ್ಕಿಗೆ ಕೈ ಹಾಕಿದರು. ಬೇರೆ ಹೂವಿಟ್ಟು ಕೇಳಿ ಎಂದೆ. ಅದು ದೇವರನ್ನು ಗದರಿಸಿದಂತೆ ಎಂದು ದೊಡ್ಡಮ್ಮ ನನ್ನನ್ನು ಗದರಿಸಿದರು.

ಕೊನೆಗೆ ಸೋತು ಮಗಳ ಕಡೆ ತಿರುಗಿದರು.

"ದೇವ್ರು ಬಾಯಿ ಬಿಡಂಗಿಲ್ಲ. ನೀನಾದ್ರೂ ಹೇಳವ್ವ, ಮಾಡ್ಕಳಾಕೆ ಮನಸ್ಸೈತಾ?"

ಆ ಮನೆಯಲ್ಲಿ ಒಂದು ಹೆಣ್ಣನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಸುಮಕ್ಕನ ಕಣ್ಣು ತುಂಬಿತು. ಉಪಾಯ ಹೂಡಿದವಳೂ ಇದನ್ನು ನಿರೀಕ್ಷಿಸಿರಲಿಲ್ಲ.

"ಇಲ್ಲವ್ವ. ನಾನಿನ್ನೂ ಓದ್ಬೇಕು."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಹೋಗಿ, ದೇವರು ಒಪ್ಪಲಿಲ್ಲ ಎಂದು ಹೇಳಿ ಬಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಅಂದಿನಷ್ಟು ಅವರು ನನಗೆ ಯಾವತ್ತೂ ಇಷ್ಟವಾಗಿರಲಿಲ್ಲ.

ಸೇವಂತಿಗೆ ಕೊಳ್ಳದೆ ಮನೆಗೆ ಬಂದೆ. ಮಗಳು ಮೊಬೈಲ್ ನೋಡುತ್ತ ಕೂತಿದ್ದಳು. ಎದುರು ಕೂತು, ಈ ಸಂಬಂಧ ನಿನಗೆ ಇಷ್ಟವೇನವ್ವ ಎಂದು ಕೇಳಿದೆ.

ಅವಳು ಮೊಬೈಲ್ ಕೆಳಗಿಟ್ಟು, ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ಯಾಕಪ್ಪ, ಹುಷಾರಿಲ್ವಾ?"