ಬಿಸಿ ನೋಡುವ ದುರ್ಬೀನು

ಆ ದುರ್ಬೀನಿನ ಮಾತು ಎತ್ತಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ದುರ್ಬೀನಿನ ಮೇಲೆ ಸಿಟ್ಟಿಲ್ಲ, ಅದು ಯಂತ್ರ, ಅದಕ್ಕೇನು ಗೊತ್ತು. ನನ್ನ ಸಿಟ್ಟೆಲ್ಲ ಅದನ್ನು ಆರಿಸಿದವರ ಮೇಲೆ. ಅಂದರೆ ನನ್ನ ಗಂಡನ ಮೇಲೆ.

ನಮ್ಮ ಹೊಲ ಚಿತ್ತಾಪುರದಿಂದ ವಾಡಿ ಕಡೆ ಹೋಗುವ ದಾರಿಯಲ್ಲಿದೆ. ನಾನು ಚಿತ್ತಾಪುರದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ, ಗಂಡ ಹೊಲ ನೋಡಿಕೊಳ್ಳುತ್ತಾನೆ. ಚಳಿಗಾಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿತೆಂದರೆ ಕಾಡುಹಂದಿಗಳ ದಂಡು ಇಳಿಯುತ್ತದೆ. ತಿಂದು ಹೋದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಒಂದು ತೆನೆಗಾಗಿ ಇಡೀ ಸಾಲು ಕೆಡವಿ, ಹೊರಳಾಡಿ, ತುಳಿದು ಹೋಗುತ್ತವೆ. ಹಂದಿಯ ವಿಷಯದಲ್ಲಿ ನನ್ನ ಗಂಡನ ಸಂಕಟ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾವನವರ ಕಾಲದಿಂದ ಮನೆಯಲ್ಲಿ ಬೆಳೆ ಕಾಯುವ ಲೈಸೆನ್ಸಿನ ಬಂದೂಕು ಒಂದಿದೆ. ಒಂಟಿ ನಳಿಗೆಯದು. ಮಾವ ಅದನ್ನು ಆಕಾಶಕ್ಕೆ ಒಮ್ಮೆ ಹಾರಿಸಿದರೆ ಹಂದಿಗಳು ಹಳ್ಳ ದಾಟುವವರೆಗೂ ನಿಲ್ಲುತ್ತಿರಲಿಲ್ಲ. ಈಗಿನ ಹಂದಿಗಳು ಸದ್ದಿಗೆ ಹೆದರುವುದಿಲ್ಲ, ಹೊಡೆದೇ ತೀರಬೇಕು ಎಂದು ಇವನ ವಾದ. ಹಂದಿ ಹೊಡೆಯಲು ಅರಣ್ಯದವರ ಪರವಾನಗಿ ಬೇಕಲ್ಲ ಎಂದರೆ, "ಅರ್ಜಿ ಹಾಕೀನಿ, ಬರ್ತದ" ಎನ್ನುತ್ತಿದ್ದ. ಪರವಾನಗಿ ಬರಲಿಲ್ಲ. ಅದರ ಬದಲು ದುರ್ಬೀನಿನ ಹುಚ್ಚು ಬಂತು.

ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಅದು. ಕತ್ತಲಲ್ಲಿ ಮೈಯ ಬಿಸಿಯನ್ನು ಹಿಡಿದು ತೋರಿಸುತ್ತದಂತೆ, ಬಿಸಿ ಇದ್ದದ್ದು ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ. ಎದುರಿಗಿರುವುದು ಎಷ್ಟು ದೂರದಲ್ಲಿದೆ ಎಂದು ಒಳಗೇ ಲೆಕ್ಕ ಹಾಕಿ ಹೇಳುತ್ತದಂತೆ. ಊಟಕ್ಕೆ ಕುಳಿತಾಗ ಮೊಬೈಲು, ಹಾಸಿಗೆಯಲ್ಲಿ ಮೊಬೈಲು, ದನಕ್ಕೆ ನೀರು ಕುಡಿಸುವಾಗಲೂ ಒಂದು ಕೈಯಲ್ಲಿ ಮೊಬೈಲು. ಯಾವ ದೇಶದವರೋ, ಹಿಮದಲ್ಲಿ ನಿಂತು ಹಂದಿ ಹೊಡೆಯುವ ವಿಡಿಯೋಗಳು. ಇದರ ಸೆನ್ಸರು ದೊಡ್ಡದು, ಅದರ ಬ್ಯಾಟರಿ ಗಟ್ಟಿ, ಇದು ಕಿಲೋಮೀಟರ್ ದೂರ ಅಳೆಯುತ್ತದೆ, ಅದು ಅಳೆಯುವುದಿಲ್ಲ.

"ನಿಮ್ಮ ಬಂದೂಕಿನ ಛರ್ರಾ ಗುಂಡು ಆ ಬೇವಿನ ಗಿಡದ ತನಕ ಹೋದ್ರ ಭಾಳ ಆತು. ಕಿಲೋಮೀಟರ್ ಅಳ್ದು ಏನ್ ಮಾಡ್ತೀರಿ? ಹಂದಿಗಿ ಫೋನ್ ಮಾಡಿ ಹತ್ರ ಬಾ ಅಂತೀರೇನು?" ಎಂದೆ.

"ನಿನಗ ಇದೆಲ್ಲ ತಿಳಿಯಂಗಿಲ್ಲ, ಸುಮ್ನಿರು."

ನನ್ನನ್ನು ನೋಡಲು ನನ್ನ ತವರೂರು ಕೊಡ್ಲಿಗೆ ಬಂದಾಗ ಈ ಮನುಷ್ಯ ಅವಲಕ್ಕಿ ತಿಂದು ಮುಗಿಸುವಷ್ಟು ಹೊತ್ತೂ ನನ್ನ ಮುಖ ನೋಡಿರಲಿಲ್ಲ. ಒಂದು ದುರ್ಬೀನಿಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಕಣ್ಣು ನೆಟ್ಟು ಕುಳಿತ.

ಇಲ್ಲಿ ನನ್ನ ಅತ್ತೆಯ ಸಂಗತಿ ಹೇಳಬೇಕು. ಅತ್ತೆಗೆ ಮೊಣಕಾಲು ನೋವು, ಬೆನ್ನು ನೋವು. ಆದರೂ ಜೋಳದ ಕಾಲದಲ್ಲಿ ಹೊತ್ತು ಮುಳುಗುವ ಮುಂಚೆ ಹೊಲಕ್ಕೆ ಹೋಗಿಯೇ ಹೋಗುತ್ತಾಳೆ. ಹಂದಿ ಮೊದಲು ಇಣುಕುವುದು ಆ ಹೊತ್ತಿಗೇ. ಹಳೆಯ ಹಿತ್ತಾಳೆ ಗಂಗಾಳ ಒಂದನ್ನು ಬಡಿದು ಅವನ್ನು ಹಳ್ಳದ ಆಚೆಗೇ ತಡೆಯುವುದು ಅವಳ ಕೆಲಸ. ಊಟದ ಹೊತ್ತಿಗೆ ಮಗ ಹೋಗಿ ಅವಳನ್ನು ಮನೆಗೆ ಕಳಿಸುತ್ತಾನೆ. ಹೊಲ ಕಾಯಲು ಕಟ್ಟಿದ ಮಂಚಿಗೆ ಹತ್ತಲು ಅವಳಿಂದ ಆಗುವುದಿಲ್ಲ. ಹೊಲದ ಮೂಲೆಯಲ್ಲಿ ಹಾಸುಗಲ್ಲು ಒಂದಿದೆ, ಶಹಾಬಾದ್ ಕಲ್ಲೆಂದು ಊರೂರಿಗೆ ಹೋಗುತ್ತದಲ್ಲ, ಅದೇ ಜಾತಿಯದು, ಯಾರೂ ಒಡೆಯದೆ ನೆಲದಲ್ಲೇ ಉಳಿದದ್ದು. ದಿನವಿಡೀ ಬಿಸಿಲು ಕುಡಿದು ಸಂಜೆಗೆ ಬೆಚ್ಚಗಿರುತ್ತದೆ. ಅತ್ತೆ ಅದರ ಮೇಲೆ ಬೆನ್ನು ಚೆಲ್ಲಿ, ತಲೆಯಿಂದ ಕಾಲಿನವರೆಗೆ ಕೌದಿ ಹೊದ್ದು ಮಲಗುತ್ತಾಳೆ. "ಈ ಕಲ್ಲಿನ ಕಾವಿಗಿ ಯಾವ ಡಾಕ್ಟರನ ಗುಳಿಗಿನೂ ಸಮ ಇಲ್ಲವ್ವ" ಎನ್ನುತ್ತಾಳೆ. ಇದು ಸುತ್ತಲಿನ ಹೊಲದವರಿಗೆಲ್ಲ ಗೊತ್ತು. ಹೆತ್ತ ಮಗನಿಗೂ ಗೊತ್ತು.

ಹೊಲ ಕಾಯುವವರಲ್ಲಿ ಒಂದು ರೂಢಿಯೂ ಇದೆ. ಬಂದೂಕಿಗೆ ಕೈ ಹಾಕುವ ಮುಂಚೆ, ಕವಣೆ ಬೀಸುವ ಮುಂಚೆ ಕೂಡ, "ಹೋಯ್, ಯಾರದೀರಿ?" ಎಂದು ಕೂಗಬೇಕು. ಹೊಲಗಳಲ್ಲಿ ಇದ್ದವರು ಇದ್ದಲ್ಲಿಂದಲೇ ಓಗೊಡುತ್ತಾರೆ. ದನಿ ಬಂದ ದಿಕ್ಕು ಬಿಟ್ಟು ಮುಂದಿನ ಕೆಲಸ. ಮಾವನವರು ಆಕಾಶಕ್ಕೆ ಹಾರಿಸುವಾಗಲೂ ಕೂಗದೆ ಹಾರಿಸಿದ್ದು ನಾನು ಕಂಡಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸೇಡಂ ಕಡೆಯ ಒಬ್ಬ ದುರ್ಬೀನು ಹಿಡಿದುಕೊಂಡು ಬಂದ. ಇಂಥ ಸಾಮಾನು ತರಿಸಿಕೊಡುವುದೇ ಅವನ ದಂಧೆ. ಮೊದಲು ಬಂದೂಕಿಗೆ ಹಚ್ಚಿ ನೋಡ್ರಿ, ಮನಸ್ಸಿಗೆ ಬಂದರೆ ಇಟ್ಟುಕೊಳ್ಳಿ ಎಂದು ಒಪ್ಪಂದ. ಅವತ್ತು ನಾನು ಶಾಲೆಯಿಂದ ಬಸ್ಸಿಳಿದಾಗ ಹೊತ್ತು ಮುಳುಗಿತ್ತು. ಮನೆಗೆ ಹೋದರೆ ಬೀಗ. ಅತ್ತೆ, ಗಂಡ ಇಬ್ಬರೂ ಹೊಲದಲ್ಲಿದ್ದಾರೆಂದು ನೆರೆಮನೆಯವಳು ಹೇಳಿದಳು. ಚೀಲ ಅವಳ ಕೈಗೆ ಕೊಟ್ಟು ಹೊಲದ ಕಡೆ ನಡೆದೆ.

ಬದುವಿನ ಮೇಲೆ ಗಂಡ ಬೋರಲು ಮಲಗಿದ್ದ, ಬಂದೂಕಿಗೆ ದುರ್ಬೀನು ಹಚ್ಚಿತ್ತು. ಪಕ್ಕದಲ್ಲಿ ಸೇಡಂನವನು ಕುಕ್ಕರಗಾಲಲ್ಲಿ ಕುಳಿತು ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದ. ಹೊಸ ದುರ್ಬೀನು ಹಚ್ಚಿದ ಮೇಲೆ ಗುರಿ ಕೂಡಿಸಬೇಕಂತೆ. ಅಂದರೆ ಕದಲದ ಒಂದು ವಸ್ತುವಿಗೆ ಹೊಡೆದು, ಏಟು ಎಲ್ಲಿ ಬಿತ್ತೆಂದು ನೋಡಿ, ತಿರುಪು ತಿರುವಬೇಕು.

"ಆ ಕಲ್ಲು ನೋಡ್ರಿ ಸಾಹುಕಾರ್ರೆ, ಹ್ಯಾಂಗ ಬೆಳ್ಳಗ ಹೊಳಿಲಿಕತ್ತದ. ದೂರಾನೂ ಬಂತು ನೋಡ್ರಿ, ಮೂವತ್ತೆಂಟು ಮೀಟರ್. ಅದಕ್ಕೇ ಹೊಡೀರಿ."

ಅದು ಅತ್ತೆ ಮಲಗುವ ಹಾಸುಗಲ್ಲು.

"ಅತ್ತಿ ಎಲ್ಲಿ?" ಎಂದೆ.

"ಮನ್ಯಾಗ ಇರಬೇಕು."

"ಮನಿ ಬೀಗ ಹಾಕ್ಯದ."

"ಹಂಗಾದ್ರ ಇಲ್ಲೇ ಎಲ್ಲೆರ ಇರ್ತಾಳ. ಇತ್ಲಾಗಂತೂ ಯಾರೂ ಇಲ್ಲ, ಎಲ್ಲ ನೋಡೀನಿ ದುರ್ಬೀನದಾಗ. ಮನಷ್ಯಾ ಇದ್ರ ಕಾಣಂಗಿಲ್ಲೇನು?"

"ಕೂಗಿದ್ರೇನು?"

ಉತ್ತರ ಕೊಟ್ಟವನು ಸೇಡಂನವನು. "ಕೂಗಬಾರದ್ರಿ ಅಕ್ಕಾರ, ಹಂದಿ ಓಡಿ ಹೋಗ್ತಾವ. ಇದು ಬಂದ ಮ್ಯಾಲ ಕೂಗೋ ಕೆಲಸೇ ಇಲ್ರಿ."

ನಾನು ಬಂದೂಕಿನ ನಳಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಒತ್ತಿದೆ. ಹಾಗೆ ಮಾಡಬಾರದು, ಅಪಾಯ ಎಂದು ಈಗ ಗೊತ್ತಾಗುತ್ತದೆ. ಆಗ ಏನೂ ತೋಚಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ.

"ಅತ್ತೀ! ಅತ್ತೀ!"

ಸದ್ದಿಲ್ಲ. ಇನ್ನೊಮ್ಮೆ ಕೂಗಿದೆ. ಮಬ್ಬುಗತ್ತಲಲ್ಲಿ ಹಾಸುಗಲ್ಲಿನ ಮೇಲೆ ಕೌದಿ ಅಲುಗಿತು. ಅತ್ತೆ ನಿಧಾನಕ್ಕೆ ಮೊಣಕೈ ಊರಿ ಎದ್ದು ಕುಳಿತಳು. "ಯಾಕವ್ವ, ಹಂದಿ ಬಂದಾವೇನು? ಜರಾ ಕಣ್ಣು ಹತ್ತಿತ್ತು ನೋಡು" ಎಂದು ಗಂಗಾಳಕ್ಕಾಗಿ ಕೈ ತಡಕಾಡಿದಳು.

ಗಂಡ ಬಂದೂಕಿನ ನಳಿಗೆ ಮಡಚಿ ಒಳಗಿನ ತೋಟಾ, ಅಂದರೆ ಕಾಡತೂಸು, ಹೊರಗೆ ತೆಗೆದ. ತುಂಬಿದ ತೋಟಾ. ಅವನ ಕೈ ನಡುಗುತ್ತಿತ್ತು. ಅಷ್ಟರ ಮಟ್ಟಿಗೆ ಅವನು ಮನುಷ್ಯನೇ, ಅದನ್ನೂ ಹೇಳಬೇಕು. ಆಮೇಲೆ ಆ ಕೈ ನಡುಕ ನಿಂತಿತಲ್ಲ, ಅಲ್ಲಿಂದ ನನ್ನ ಸಿಟ್ಟು ಶುರು.

ಅತ್ತೆ ಕುಂಟುತ್ತ ನಮ್ಮ ಹತ್ತಿರ ಬಂದಳು. ಸೇಡಂನವನಿಗೆ ಬೆವರು ಇಳಿದಿತ್ತು, ಆದರೂ ಮಾಲು ಬಿಟ್ಟುಕೊಡಲಿಲ್ಲ. ಕಲ್ಲು ಬಿಸಿ ಇತ್ತಂತೆ, ಕೌದಿ ದಪ್ಪ ಇತ್ತಂತೆ, ಮೈಯ ಕಾವು ಹೊರಗೆ ಬಂದಿಲ್ಲವಂತೆ, ಹೊರಗಿನ ಕೌದಿ ಕಲ್ಲಿನ ಕಾವನ್ನೇ ಹಿಡಿದು ಎರಡೂ ಒಂದೇ ಬೆಳ್ಳಗೆ ಕಂಡವಂತೆ. "ಮಷೀನ್‌ದಾಗ ಏನೂ ಕೆಟ್ಟಿಲ್ರಿ" ಎಂದ. ಗಂಡ ಗಲ್ಲ ತುರಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿದ. ಕೇಳಿ, ತಾಯಿಯ ಕಡೆ ತಿರುಗಿ ಏನೆಂದ ಗೊತ್ತೇ?

"ಯವ್ವಾ, ನಾಳಿಗಿಂದ ನೀ ಆ ಕಲ್ಲಿನ ಮ್ಯಾಲ ಮಲಗಬ್ಯಾಡ. ಬ್ಯಾರೆ ಕಡಿ ಕುಂದ್ರು. ಇಲ್ಲಂದ್ರ ಕೌದಿ ಹೊದಿಬ್ಯಾಡ."

ನನ್ನ ತಲೆ ಕೆಟ್ಟೇ ಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಪರವೂರಿನವನ ಮುಂದೆ ಗಂಡನಿಗೆ ಹೀಗೆ ಅನ್ನಬಾರದೆಂದು ಯಾರಾದರೂ ಬುದ್ಧಿ ಹೇಳಿದ್ದರೆ ಅವರಿಗೂ ಅನ್ನುತ್ತಿದ್ದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಆ ಮುದುಕಿ ಕೌದಿಯೊಳಗೇ ಮುಗಿದುಹೋಗುತ್ತಿದ್ದಳು. ಈ ಪುಣ್ಯಾತ್ಮ ತಾನು ಎಲ್ಲಿ ತಪ್ಪಿದೆ ಎಂದು ನೋಡಿಕೊಳ್ಳುವುದು ಬಿಟ್ಟು ಅವಳಿಗೆ ಜಾಗ ಬದಲಿಸು ಅನ್ನುತ್ತಾನೆ! "ಒಂದು ಸಲ ಕೂಗಲಿಕ್ಕ ನಿಮ್ಮ ಬಾಯಿಗಿ ಏನಾಗಿತ್ತು? ಅವ್ವ ಎಲ್ಲಿದಾಳಂತ ಕೇಳಲಿಕ್ಕ ಯಾವ ಸೆನ್ಸರ್ ಬೇಕಾಗಿತ್ತು?" ಎಂದೆ.

ಅತ್ತೆ ಎಂದೂ ಮಗನಿಗೆ ಎದುರು ಮಾತಾಡಿದವಳಲ್ಲ. ನಮ್ಮ ಜಗಳದಲ್ಲಿ ಯಾವಾಗಲೂ ನನ್ನನ್ನೇ "ಸಾಕು ಸುಮ್ನಿರವ್ವ" ಎಂದು ತಡೆಯುವವಳು. ಅವತ್ತು ತಡೆಯಲಿಲ್ಲ. ಕೌದಿ ಮಡಿಚಿ ಬಗಲಲ್ಲಿ ಇಟ್ಟುಕೊಂಡು, ದುರ್ಬೀನಿನ ಕಡೆ ಒಮ್ಮೆ ನೋಡಿ, ಮಗನಿಗೆ ಹೇಳಿದಳು.

"ಇದರಾಗ ಹಂದಿ ಕಾಣದಿದ್ರ ನೀ ಈಗಿಂದೀಗ ವಾಪಸ್ ಕೊಡ್ತಿದ್ದಿಯಪ್ಪ. ನಾ ಕಾಣಲಿಲ್ಲ, ಅದಕ್ಕ ನನಗೇ ಎದ್ದು ಹೋಗು ಅಂತಿ."

ಇಷ್ಟು ಹೇಳಿ ಅವಳು ಮನೆಯ ದಾರಿ ಹಿಡಿದಳು. ನಾನು ಅವಳ ಜೊತೆ ಹೋದೆ. ದಾರಿಯಲ್ಲಿ ಅವಳು ಅತ್ತದ್ದು ಕತ್ತಲಿಗೆ ಕಾಣಲಿಲ್ಲ, ಮೂಗು ಎಳೆದುಕೊಳ್ಳುವ ಸದ್ದಿಗೆ ಗೊತ್ತಾಯಿತು. ಗಂಡ ದುರ್ಬೀನು ಬಿಚ್ಚಿ ಅವತ್ತೇ ಸೇಡಂನವನ ಕೈಗೆ ಕೊಟ್ಟು ಕಳಿಸಿದ. ಮನೆಗೆ ಬಂದು ಉಂಡು ಮಲಗಿದ. ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ. ತಾಯಿ ತಾನಾಗಿ ತಿಳಿದುಕೊಳ್ಳುತ್ತಾಳೆ ಎಂದುಕೊಂಡನೋ ಏನೋ. ನಮ್ಮ ಗಂಡಸರು ಕ್ಷಮೆಯನ್ನೂ ಹೆಂಗಸರೇ ಊಹಿಸಿಕೊಳ್ಳಲಿ ಎಂದು ಬಿಡುತ್ತಾರೆ.

ಮುಂದಿನ ವಾರ ಬಸ್ಸಿಗೆ ಹೋಗುವಾಗ ಸ್ಟ್ಯಾಂಡಿನ ಚಹಾ ಹೋಟೆಲಿನ ಮುಂದೆ ನಿಂತಿದ್ದೆ. ಒಳಗೆ ಬೆಂಚಿನ ಮೇಲೆ ಗಂಡ, ಸುತ್ತ ಊರಿನ ನಾಲ್ಕೈದು ಜನ ರೈತರು. ದುರ್ಬೀನು ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಯಾರೋ ಕೇಳಿದರು. ಅವರಲ್ಲೂ ಇಬ್ಬರಿಗೆ ಅಂಥದ್ದೇ ಒಂದು ತರಿಸುವ ಆಸೆ ಇತ್ತು. ನನ್ನ ಗಂಡ ಚಹಾ ಸೊರ್ರೆಂದು ಹೀರಿ, "ಬ್ಯಾಟರಿ ನಿಲ್ಲಂಗಿಲ್ಲಪ್ಪ ಅದು. ಬ್ಯಾರೆ ಕಂಪನಿದು ನೋಡ್ಲಿಕತ್ತೀನಿ" ಎಂದ.

ಬಸ್ಸು ಬಂದಿತ್ತು. ಕಂಡಕ್ಟರ್ "ಬರ್ರಿ ಟೀಚರ್" ಎಂದು ಕರೆಯುತ್ತಿದ್ದ. ನಾನು ಹತ್ತಲಿಲ್ಲ. ಮದುವೆಯಾದಾಗಿನಿಂದ ಆ ಹೋಟೆಲಿನ ಹೊಸ್ತಿಲು ತುಳಿದವಳಲ್ಲ, ಅವತ್ತು ಸೀದಾ ಒಳಗೆ ಹೋದೆ. ಎಲ್ಲರೂ ಚಹಾದ ಬಸಿ ಕೆಳಗಿಟ್ಟು ನೋಡಿದರು.

"ಬ್ಯಾಟರಿ ಛಲೋ ಇತ್ತು" ಎಂದೆ. "ಅದರಾಗ ಇವರ ಅವ್ವ ಕಾಣಲಿಲ್ಲ. ಬಂದೂಕಿನಾಗ ತೋಟಾ ತುಂಬಿದ್ರು."